ಸರ್ಫಿಂಗ್ ಕಲೀಲಿಕ್ಕೆ ವರ್ಕಲವರೆಗೆ ಹೋಗ್ಬೇಕಾ, ಮೂಲ್ಕಿ ಸಾಕಾಗುದಿಲ್ವಾ?

ನಿಮ್ಮ ಪ್ರಶ್ನೆ ನಂಗೆ ಅರ್ಥ ಆದದ್ದು ಹೀಗೆ: ಕಾಸರಗೋಡಿನ ಬದಿಯಡ್ಕ ಕಡೆಯವರು, ಮೂವತ್ತೈದರ ಹತ್ತಿರ ವಯಸ್ಸು, ತೋಟದ ಕೆರೆಯಲ್ಲಿ ಈಜಿ ಅಭ್ಯಾಸ ಉಂಟು ಆದ್ರೆ ಸಮುದ್ರದಲ್ಲಿ ಮೊಣಕಾಲಿನ ಮೇಲೆ ನೀರಿಗೆ ಇಳಿದವರಲ್ಲ, ಐದು ದಿನ ರಜೆ ಸಿಗ್ತದೆ, ಅಷ್ಟರಲ್ಲಿ ದಕ್ಷಿಣ ಕೇರಳದ ವರ್ಕಲಕ್ಕೆ ಹೋಗಿ ಸರ್ಫಿಂಗ್, ಅಂದ್ರೆ ಬೋರ್ಡ್ ಮೇಲೆ ನಿಂತು ಅಲೆಯಲ್ಲಿ ಬರುವ ಆಟ, ಕಲೀಬಹುದಾ ಅಥವಾ ಮಂಗಳೂರಿನಾಚೆ ಹತ್ತಿರದ ಮೂಲ್ಕಿಗೆ ಹೋಗಿ ಬಂದ್ರೆ ಆಗ್ತದಾ ಅಂತ.

ಕಲೀಬಹುದು, ಮತ್ತೆ ನನ್ನ ಕೇಳಿದ್ರೆ ವರ್ಕಲಕ್ಕೇ ಹೋಗಿ ಅಂತೇನೆ. ನಾನು ಕುಂಬಳೆಯವ, ನಾನೂ ಮೂವತ್ತು ದಾಟಿದ ಮೇಲೆ ಅಲ್ಲೇ ಕಲಿತದ್ದು.

ಮೂಲ್ಕಿ ಕಮ್ಮಿ ಅಂತ ಅಲ್ಲ ಮಾರಾಯ್ರೆ. ನಮ್ಮ ದೇಶದಲ್ಲಿ ಈ ಆಟಕ್ಕೆ ಹೆಸರು ಬಂದದ್ದೇ ಅಲ್ಲಿಂದ, 2004ರ ಹೊತ್ತಿಗೆ ಅಮೆರಿಕದಿಂದ ಬಂದ ಒಬ್ರು ಸ್ವಾಮಿಗಳು, ಜ್ಯಾಕ್ ಹೆಬ್ನರ್ ಅಂತ ಪೂರ್ವಾಶ್ರಮದ ಹೆಸರು, ಅವರ ಆಶ್ರಮದಲ್ಲೇ ಮಂತ್ರ ಸರ್ಫ್ ಕ್ಲಬ್ ಶುರುವಾದದ್ದು, ಬೆಳಿಗ್ಗೆ ಜಪ ಆಮೇಲೆ ಅಲೆ ಅಂತ, ಪೇಪರಿನವರು ಸರ್ಫಿಂಗ್ ಸ್ವಾಮಿ ಅಂತ್ಲೇ ಬರೀತಿದ್ರು. ಪಕ್ಕದ ಸಸಿಹಿತ್ಲುವಿನಲ್ಲಿ, ಅದೇ ನಂದಿನಿ ಶಾಂಭವಿ ಎರಡೂ ಹೊಳೆ ಸಮುದ್ರ ಸೇರುವ ಜಾಗ, ಇಂಡಿಯನ್ ಓಪನ್ ಆಫ್ ಸರ್ಫಿಂಗ್ 2016ರಲ್ಲೇ ಆಗಿದೆ. ಹಾಗಾಗಿ ಕಲಿಸುವವರಿಗೆ ಅಲ್ಲಿ ಬರಗಾಲ ಇಲ್ಲ. ತೊಂದ್ರೆ ಇರುದು ನಮ್ದು. ಕುಂಬಳೆಯಿಂದ ಮೂಲ್ಕಿಗೆ ಎರಡು ಗಂಟೆಯ ದಾರಿ, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಷ್ಟು ಹತ್ತಿರ, ಅದೇ ಎಡವಟ್ಟು. ಎರಡನೇ ದಿನ ಮೈಕೈ ನೋವು, ಮನೆಯವರು ಸಾಕು ನಿಲ್ಸು ಅಂತಾರೆ, ಅದಲ್ಲದಿದ್ರೆ ಯಾರದ್ದಾದ್ರೂ ಗೃಹಪ್ರವೇಶ ಇರ್ತದೆ, ಇಲ್ಲದಿದ್ರೆ ಅಡಿಕೆಗೆ ಮದ್ದು ಬಿಡುವವ ಅವತ್ತೇ ಬರ್ತಾನೆ, ಅಲ್ಲಿಗೆ ನಿಮ್ಮ ಸರ್ಫಿಂಗ್ ಮುಗೀತು. ಮೂಲ್ಕಿಯಲ್ಲೇ ರೂಮ್ ಮಾಡಿ ಕೂರ್ತೀರಾದ್ರೆ ನನ್ನ ತಕರಾರು ಎಂತ ಇಲ್ಲ. ಆದ್ರೆ ಕೂರುದಿಲ್ಲ ನೀವು, ನಮ್ಮ ಊರಿನವರ ಬುದ್ಧಿ ನಂಗೆ ಗೊತ್ತುಂಟು.

ಸರ್ಫಿಂಗ್‌ನಲ್ಲಿ ಎದ್ದು ನಿಲ್ಲುದು ಎಂತ ಮಹಾ ವಿಷಯ ಅಲ್ಲ. ಅದನ್ನು ಮೊದಲ ದಿನವೇ ಸುಮಾರು ಜನ ಮಾಡ್ತಾರೆ, ಫೋಟೋ ತೆಗೀತಾರೆ, ಸ್ಟೇಟಸ್ ಹಾಕ್ತಾರೆ, ಆದ್ರೆ ಆ ಅಲೆಯನ್ನು ಆರಿಸಿದ್ದು ಇನ್‌ಸ್ಟ್ರಕ್ಟರ್, ಬೋರ್ಡ್ ತಿರುಗಿಸಿ ಹಿಡಿದದ್ದು ಇನ್‌ಸ್ಟ್ರಕ್ಟರ್, ಸರಿಯಾದ ಹೊತ್ತಿಗೆ ಹಿಂದಿನಿಂದ ದೂಡಿದ್ದೂ ಅವನೇ. ನೀವು ಮಾಡಿದ್ದು ಎದ್ದು ನಿಂತದ್ದು ಮಾತ್ರ. ಯಾವ ಅಲೆ ಬೇಕು ಯಾವುದು ಬೇಡ ಅಂತ ನಿಮ್ಮಷ್ಟಕ್ಕೆ ಗೊತ್ತಾಗುದು ಉಂಟಲ್ಲ, ಅದು ಕಲಿಯುದು, ಮತ್ತೆ ಅದು ಬರುದು ಸಮುದ್ರದ ಎದುರು ಸುಮ್ನೆ ಕೂತು ಕೂತು. ಆ ಕೂರುವ ಕೆಲ್ಸಕ್ಕೆ ವರ್ಕಲ ಹೇಳಿ ಮಾಡಿಸಿದ ಊರು. ಅಲ್ಲಿ ಬೇರೆ ಎಂತ ಕೆಲ್ಸವೂ ಇಲ್ಲ. ಕ್ಲಿಫ್, ಅಂದ್ರೆ ಸಮುದ್ರಕ್ಕೆ ತಾಗಿದ ಕಡಿದಾದ ಗುಡ್ಡ, ಅದ್ರ ಮೇಲೆ ಒಂದು ನಡೆದಾಡುವ ದಾರಿ, ದಾರಿಗೆ ತಾಗಿಕೊಂಡು ಚಾ ಅಂಗಡಿ, ಕೆಫೆ, ಬಟ್ಟೆ ಅಂಗಡಿ, ಕೆಳಗೆ ಸಮುದ್ರ, ಯಾರಿಗೂ ಅರ್ಜೆಂಟ್ ಇಲ್ಲ, ಒಂದು ಚಾ ಇಟ್ಕೊಂಡು ಒಂದು ಗಂಟೆ ಕೂತ್ರೂ ಎಬ್ಬಿಸುದಿಲ್ಲ. ಮೇಲಿಂದ ನೋಡುವಾಗ ಅಲೆ ಎಲ್ಲಿ ಏಳ್ತದೆ, ಎಲ್ಲಿ ಮುರೀತದೆ, ಯಾವ ಕಡೆಯಿಂದ ನೀರು ವಾಪಸ್ ಹೋಗ್ತದೆ ಅಂತ ಎಲ್ಲ ಸರಿಯಾಗಿ ಕಾಣ್ತದೆ. ದಡದಲ್ಲಿ ನಿಂತ್ರೆ ಅಷ್ಟು ಕಾಣುದಿಲ್ಲ. ಆ ಕ್ಲಿಫ್ ನೋಡಿದ್ರೆ ನಮಗೆ ಹೊಸತು ಅಂತ ಅನ್ನಿಸುದೂ ಇಲ್ಲ, ಮೇಲಿನ ಪದರ ನಾವು ಮನೆ ಕಟ್ಟುವ ಅದೇ ಮುರಕಲ್ಲು, ಅದರ ಕೆಳಗೆ ಮರಳುಗಲ್ಲು, ಜೇಡಿ, ಭೂವಿಜ್ಞಾನದವರು ಅದಕ್ಕೆ ವರ್ಕಲ್ಲಿ ಫಾರ್ಮೇಶನ್ ಅಂತ ಊರಿನ ಹೆಸರೇ ಇಟ್ಟಿದ್ದಾರೆ. ಮಳೆಗಾಲದಲ್ಲಿ ಕೆಲವು ಕಡೆ ಕುಸೀತದೆ, ಅಂಚಿಗೆ ಹೋಗಿ ಸೆಲ್ಫಿ ತೆಗೀಬೇಡಿ.

ಇಷ್ಟೆಲ್ಲ ಯಾಕೆ, ನಮ್ಮ ಕೊಯಿಪ್ಪಾಡಿಯಲ್ಲೋ ಮಂಜೇಶ್ವರದಲ್ಲೋ ಬೋರ್ಡ್ ತಗೊಂಡು ಇಳಿದ್ರೆ ಆಗುದಿಲ್ವಾ ಅಂತ ಕೇಳುವವರೂ ಇದ್ದಾರೆ. ಹೊಸಬರಿಗೆ ಬೇಡ. ಅಲೆ ತನ್ನ ಎತ್ತರಕ್ಕಿಂತ ಸುಮಾರು 1.3 ಪಟ್ಟು ಆಳದ ನೀರಿಗೆ ಬಂದಾಗ ಮುರೀತದೆ, ಅಂದ್ರೆ ಮೂರಡಿ ಅಲೆ ನಾಲ್ಕಡಿ ನೀರಿನಲ್ಲಿ. ದಡ ನಿಧಾನಕ್ಕೆ ಇಳೀತಾ ಹೋದ್ರೆ ಆ ನಾಲ್ಕಡಿ ದೂರದಲ್ಲಿ ಸಿಗ್ತದೆ, ಅಲೆ ಅಲ್ಲೇ ಮುರಿದು ಬಿಳಿ ನೊರೆಯಾಗಿ ನಿಮ್ಮನ್ನು ಮೆಲ್ಲ ದಡಕ್ಕೆ ತಂದು ಬಿಡ್ತದೆ. ನಮ್ಮ ಕಡೆ ಸುಮಾರು ಜಾಗದಲ್ಲಿ ದಡ ಕಡಿದಾಗಿ ಉಂಟು, ಅಲೆ ಕಾಲಬುಡಕ್ಕೆ ಬಂದೇ ದಬಕ್ಕ ಅಂತ ಬೀಳ್ತದೆ, ಬೋರ್ಡ್ ಇದ್ರೆ ಮೂತಿ ಮರಳಿಗೆ ಹೋಗಿ ಕುಟ್ಟುದೇ. ಮೇಲಿಂದ ಕಡಲ್ಕೊರೆತಕ್ಕೆ ಅಂತ ಹಾಕಿದ ದೊಡ್ಡ ದೊಡ್ಡ ಕಲ್ಲು. ನೋಡ್ಲಿಕ್ಕೆ ಗಾರ್ಡ್‌ಗಳೂ ಇಲ್ಲ. ಕಲಿತ ಮೇಲೆ ಬೇಕಾದ್ರೆ ಬಂದು ನೋಡಿ, ಕಲೀಲಿಕ್ಕೆ ಇದು ಜಾಗ ಅಲ್ಲ.

ಈಗ ಕ್ಲಾಸ್ ಹೇಗಿರ್ತದೆ ಅಂತ ಹೇಳ್ತೇನೆ. ಬೆಳಿಗ್ಗೆ ಬೇಗ ಕರೀತಾರೆ, ಆರೂವರೆ ಏಳಕ್ಕೆಲ್ಲ, ಉದಾಸೀನ ಮಾಡ್ಬೇಡಿ, ಯಾಕಂದ್ರೆ ಆಗ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸ್ತದೆ, ನೀರಿನ ಮೇಲ್ಮೈ ನಯವಾಗಿ ಅಲೆ ನೆಟ್ಟಗೆ ಎದ್ದು ನಿಂತು ಮುರೀತದೆ. ಹತ್ತು ಹನ್ನೊಂದರ ಮೇಲೆ ನೆಲ ಬಿಸಿಯಾಗಿ ಗಾಳಿ ಉಲ್ಟಾ, ಸಮುದ್ರದಿಂದ ಬರ್ತದೆ, ನೀರೆಲ್ಲ ಚೂರುಚೂರು, ಎಲ್ಲಿ ಅಲೆ ಎಲ್ಲಿ ಬರೀ ಕದಡಿದ ನೀರು ಅಂತ ಹೊಸಬರಿಗೆ ಗೊತ್ತಾಗುದಿಲ್ಲ. ಮೊದಲು ಮರಳಿನ ಮೇಲೆ ಬೋರ್ಡಿನ ಆಕಾರ ಗೀಚ್ತಾರೆ, ಅದ್ರ ಮೇಲೆ ಕವುಚಿ ಮಲಗುದು, ಎರಡು ಕೈ ಪಕ್ಕೆಲುಬಿನ ಪಕ್ಕ ಊರುದು, ಎದೆ ಎತ್ತುದು, ಒಂದೇ ಏಟಿಗೆ ಕಾಲು ಒಳಗೆ ಎಳ್ಕೊಂಡು ನಿಲ್ಲುದು. ಎಡಗಾಲು ಮುಂದೆ ಬಂದ್ರೆ ರೆಗ್ಯುಲರ್, ಬಲಗಾಲು ಬಂದ್ರೆ ಗೂಫಿ, ಎರಡೂ ಸಮ, ಹಿಂದಿನ ಕಾಲಿನ ಗಂಟಿಗೆ ಲೀಶ್ ಅಂತ ಹಗ್ಗ ಕಟ್ತಾರೆ, ಬಿದ್ರೂ ಬೋರ್ಡ್ ಓಡಿಹೋಗುದಿಲ್ಲ, ಬೇರೆಯವರ ತಲೆಗೆ ಹೊಡೆಯುದೂ ಇಲ್ಲ. ಬೋರ್ಡ್ ಎಂಟು ಒಂಬತ್ತು ಅಡಿಯ ಫೋಮಿಂದು ಕೊಡ್ತಾರೆ, ಅದನ್ನೇ ತಗೊಳ್ಳಿ, ಚಂದ ಕಾಣ್ತದೆ ಅಂತ ಗಟ್ಟಿ ಸಣ್ಣ ಬೋರ್ಡ್ ಕೇಳ್ಬೇಡಿ.

ಆಮೇಲೆ ನೀರಿಗೆ, ಸೊಂಟ ಮಟ್ಟಕ್ಕೆ. ಕಲಿಸುವವರು ಹೆಚ್ಚಾಗಿ ಅಲ್ಲಿನದ್ದೇ ಹುಡುಗರು, ಕಡಲ ಬದಿಯಲ್ಲೇ ಹುಟ್ಟಿ ಬೆಳೆದವರು, ಹಿಂದಿಯವರು ಬಂದ್ರೆ ಇಂಗ್ಲಿಷ್‌ನಲ್ಲಿ ಹೇಳ್ತಾರೆ, ನಮಗೆ ಮಲಯಾಳ ಬರ್ತದಲ್ಲ ಅದೊಂದು ಲಾಭ. ಬೋರ್ಡಿನ ಬಾಲ ಹಿಡ್ಕೊಂಡು ಹಿಂದೆ ತಿರುಗಿ ನೋಡ್ತಾ ನಿಂತಿರ್ತಾನೆ, ಬಿಟ್ಟ ಕೂಡ್ಲೇ ‘ಎಣೀಕ್ಕ್, ಎಣೀಕ್ಕ್’ ಅಂತ ಬೊಬ್ಬೆ, ಏಳು ಅಂತ ಅರ್ಥ. ಆ ಹೊತ್ತಿಗೆ ನೀವು ಎಂತ ಮಾಡ್ತೀರಿ ಗೊತ್ತುಂಟಾ, ಕಾಲು ನೋಡ್ತೀರಿ. ಎಲ್ಲರೂ ನೋಡ್ತಾರೆ. ತಲೆ ಎಲ್ಲಿಗೆ ಹೋಗ್ತದೋ ಮೈ ಅಲ್ಲಿಗೆ ಹೋಗ್ತದೆ, ಕೆಳಗೆ ನೋಡಿದ್ರೆ ಕೆಳಗೇ. ದಡದಲ್ಲಿ ಒಂದು ತೆಂಗಿನ ಮರ ಗುರ್ತು ಇಟ್ಕೊಳ್ಳಿ, ಅದ್ರ ತಲೆ ನೋಡ್ತಾ ಏಳಿ. ಮತ್ತೆ ಬೋರ್ಡ್ ಮೇಲೆ ತುಂಬ ಮುಂದೆ ಮಲಗಿದ್ರೆ ಮೂತಿ ಮುಳುಗಿ ಪಲ್ಟಿ, ತುಂಬ ಹಿಂದೆ ಮಲಗಿದ್ರೆ ಅಲೆ ನಿಮ್ಮನ್ನು ಬಿಟ್ಟು ಹೋಗ್ತದೆ, ಎರಡು ಇಂಚಿನ ಆಟ ಅದು, ಸರಿಯಾದ ಜಾಗ ಸಿಕ್ಕಿದಾಗ ಬೋರ್ಡಿನ ಮೇಲೆ ಎದೆ ಎಲ್ಲಿ ತಾಗ್ತದೆ ಅಂತ ನೋಡಿ ಇಟ್ಕೊಳ್ಳಿ.

ಬಿದ್ದ ಮೇಲೆ ಕೂಡ್ಲೇ ತಲೆ ಎತ್ತಬಾರ್ದು. ಮೊದಲು ಕೈ ಎರಡು ತಲೆಗೆ ಅಡ್ಡ ಹಿಡೀಬೇಕು, ಆಮೇಲೆ ಮೇಲೆ ಬರ್ಬೇಕು, ಯಾಕಂದ್ರೆ ಬೋರ್ಡ್ ಅಲ್ಲೇ ಎಲ್ಲೋ ತಿರುಗ್ತಾ ಇರ್ತದೆ. ಆಳ ಎಷ್ಟುಂಟು ಅಂತ ಗೊತ್ತಿಲ್ಲದೆ ತಲೆ ಮುಂದೆ ಮಾಡಿ ಹಾರುದಂತೂ ಬೇಡವೇ ಬೇಡ.

ಕೆರೆಯಲ್ಲಿ ಈಜು ಬರ್ತದೆ ಅಂದ್ರಿ. ಒಳ್ಳೇದು, ಉಸಿರು ಹಿಡಿಯುದು, ಗಾಬರಿ ಆಗದೆ ಇರುದು ಅದ್ರಿಂದ್ಲೇ ಬಂದಿರ್ತದೆ. ಆದ್ರೆ ಕೆರೆ ನಿಮ್ಮನ್ನು ಎಳ್ಕೊಂಡು ಹೋಗುದಿಲ್ಲ, ಸಮುದ್ರ ಹೋಗ್ತದೆ. ಅಲೆ ತಂದು ಹಾಕಿದ ನೀರೆಲ್ಲ ವಾಪಸ್ ಹೋಗ್ಲಿಕ್ಕೆ ಒಂದು ದಾರಿ ಬೇಕು, ತೋಟದ ತೋಡಿನಲ್ಲಿ ಕಟ್ಟ ಒಂದು ಕಡೆ ಬಿಡಿಸಿದ್ರೆ ನೀರೆಲ್ಲ ಅಲ್ಲಿಗೇ ನುಗ್ಗುವ ಹಾಗೆ, ಅದಕ್ಕೆ ರಿಪ್ ಕರೆಂಟ್ ಅಂತಾರೆ. ಮೋಸ ಎಂತ ಅಂದ್ರೆ ಆ ಜಾಗ ನೋಡ್ಲಿಕ್ಕೆ ಶಾಂತ ಇರ್ತದೆ, ಎರಡು ಬದಿಯಲ್ಲಿ ಅಲೆ ಮುರೀತಾ ಇರ್ತದೆ, ನಡುವಲ್ಲಿ ಸ್ವಲ್ಪ ಕಪ್ಪಾದ ಸಮಾಧಾನದ ನೀರು, ಈಜು ಗೊತ್ತಿಲ್ಲದವರು ಇಲ್ಲಿ ಅಲೆ ಇಲ್ಲ ಅಂತ ಮಕ್ಕಳನ್ನು ಕರ್ಕೊಂಡು ಅಲ್ಲಿಗೇ ಇಳೀತಾರೆ. ಸಿಕ್ಕಿಬಿದ್ರೆ ದಡದ ಕಡೆ ಈಜಿ ಸುಸ್ತಾಗ್ಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ, ಆ ದಾರಿ ಸಣ್ಣದಿರ್ತದೆ, ಹೊರಗೆ ಬಂದ್ಮೇಲೆ ಅಲೆಯೇ ದಡಕ್ಕೆ ತರ್ತದೆ. ಬೋರ್ಡ್ ಇದ್ರೆ ಅದನ್ನು ಯಾವ ಕಾರಣಕ್ಕೂ ಬಿಡ್ಬೇಡಿ, ಅದೇ ನಿಮ್ಮ ದೋಣಿ. ವಿಚಿತ್ರ ಅಂದ್ರೆ ಸರ್ಫಿಂಗ್ ಚೆನ್ನಾಗಿ ಬಂದವರು ಇದೇ ದಾರಿ ಹಿಡಿದು ಖರ್ಚಿಲ್ಲದೆ ಆಚೆಗೆ ಹೋಗ್ತಾರೆ. ನಿಮಗೆ ಈಗ್ಲೇ ಅದು ಬೇಡ.

ನೋವಿನ ಬಗ್ಗೆ ಯಾರೂ ಮೊದ್ಲೇ ಹೇಳುದಿಲ್ಲ, ನಾನು ಹೇಳ್ತೇನೆ. ಕಾಲಲ್ಲ ನೋಯುದು, ಭುಜ ಮತ್ತು ಕುತ್ತಿಗೆಯ ಹಿಂಭಾಗ, ಯಾಕಂದ್ರೆ ನೀರಲ್ಲಿದ್ದ ಹೊತ್ತಿನಲ್ಲಿ ನಿಂತಿರುದು ಕೆಲವೇ ಸೆಕೆಂಡ್, ಉಳಿದದ್ದೆಲ್ಲ ಮಲಗಿ ಕೈಯಲ್ಲಿ ನೀರು ಹಿಂದೆ ದೂಡುದೇ. ಎದೆ, ಮೊಣಕಾಲು ಉಜ್ಜಿ ಕೆಂಪಾಗ್ತದೆ, ಹಾಗಾಗಿ ಉದ್ದ ಕೈಯ ರ‍್ಯಾಶ್ ಗಾರ್ಡ್, ಅಂದ್ರೆ ಮೈಗೆ ಅಂಟುವ ಈಜಿನ ಅಂಗಿ, ಹಾಕಿ, ಬನಿಯನ್‌ನಲ್ಲಿ ಇಳೀಬೇಡಿ. ಮತ್ತೆ ಮಧ್ಯಾಹ್ನ ಹೋಟೆಲಿನಲ್ಲಿ ಮೀನಿನ ಊಟಕ್ಕೆ ಕೂತು ಬಾಳೆ ಎಲೆಯ ಕಡೆ ತಲೆ ಬಗ್ಗಿಸಿದ್ರೆ ಮೂಗಿನಿಂದ ತೊಟತೊಟ ಉಪ್ಪುನೀರು ಬೀಳ್ತದೆ, ಬೆಳಿಗ್ಗೆ ಒಳಗೆ ಹೋದ ಸಮುದ್ರ ಅದು, ಎದುರು ಕೂತವರು ಹೆದರ್ತಾರೆ. ಎಂತ ಆಗುದಿಲ್ಲ. ಹೋಗುವ ಎರಡು ವಾರ ಮೊದ್ಲಿಂದ ಮನೆಯಲ್ಲೇ ದಂಡ ಹೊಡೀರಿ, ಕೆರೆಯಲ್ಲಿ ದಿನಾ ಅರ್ಧ ಗಂಟೆ ಕೈ ಬೀಸಿ ಈಜಿ, ಅರ್ಧ ಕಷ್ಟ ಅಲ್ಲಿಗೇ ಕಮ್ಮಿ.

ವಯಸ್ಸಿನ ವಿಷಯ ತಲೆಯಿಂದ ತೆಗೀರಿ. ಕೋವಳಂ ಬೀಚಿನಲ್ಲಿ ಸಣ್ಣದ್ರಿಂದ್ಲೇ ಅಲೆ ಹತ್ತಿದ ರಮೇಶ್ ಬೂದಿಹಾಳ್ 2025ರಲ್ಲಿ ಮಹಾಬಲಿಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ತೆಗೆದ್ರು, ಅವರ ಹಾಗೆ ಆಗ್ಬೇಕು ಅಂತ ಇದ್ರೆ ನಾವಿಬ್ರೂ ಲೇಟ್. ನೊರೆಯ ಅಲೆಯಲ್ಲಿ ನಮ್ಮಷ್ಟಕ್ಕೆ ಎದ್ದು ದಡಕ್ಕೆ ಬರುದು, ಒಂದೆರಡು ಸಣ್ಣ ಹಸಿ ಅಲೆ, ಅಂದ್ರೆ ಇನ್ನೂ ಮುರಿಯದ್ದು, ಹಿಡಿಯುದು, ಇಷ್ಟು ಐದು ದಿನದಲ್ಲಿ ಧಾರಾಳ ಆಗ್ತದೆ. ಬೆಳಿಗ್ಗೆ ಒಂದು ಸಲ ಇಳಿದು ಸಾಕು ಮಾಡಿ. ಸಂಜೆ ಕ್ಲಿಫ್ ಮೇಲೆ ಕೂತು ನೋಡಿ, ಅಲೆ ಒಂದೊಂದಾಗಿ ಸಮನಾಗಿ ಬರುದಿಲ್ಲ, ನಾಲ್ಕೈದು ದೊಡ್ಡದು ಒಟ್ಟಿಗೆ ಬರ್ತದೆ, ಆಮೇಲೆ ಸ್ವಲ್ಪ ಹೊತ್ತು ಖಾಲಿ, ಹೊಸಬರು ಮೊದಲನೆಯದಕ್ಕೇ ನುಗ್ಗಿ ಬೀಳ್ತಾರೆ, ಉಳಿದದ್ದೆಲ್ಲ ಅವರ ತಲೆ ಮೇಲೆ. ಗೊತ್ತಿದ್ದವ ಒಂದೆರಡು ಬಿಟ್ಟು ನೋಡ್ತಾನೆ. ಇನ್ನೊಂದು, ಅಲೆ ಮುರಿಯುವ ಜಾಗಕ್ಕೆ ಯಾರು ಹತ್ತಿರ ಇದ್ದಾರೋ ಅಲೆ ಅವರದ್ದು, ಅಡ್ಡ ಹೋದ್ರೆ ಬೈಗುಳ ಗ್ಯಾರಂಟಿ.

ಸ್ಕೂಲ್ ಆರಿಸುವಾಗ ದರಕ್ಕಿಂತ ಮೊದ್ಲು ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ ಅಂತ ಕೇಳಿ. ಮೂರು ನಾಲ್ಕಕ್ಕಿಂತ ಜಾಸ್ತಿ ಹೇಳಿದ್ರೆ ಬೇರೆ ನೋಡಿ. ಸಮುದ್ರ ಸರಿ ಇಲ್ಲದ ದಿನ ದುಡ್ಡು ವಾಪಸ್ ಅಥವಾ ಬೇರೆ ದಿನ ಕೊಡ್ತಾರಾ ಅಂತಾನೂ ಕೇಳಿ, ಕೊಡುವವರು ಅಲೆ ನೋಡಿ ಇಳಿಸ್ತಾರೆ, ಕೊಡದವರು ಗಡಿಯಾರ ನೋಡಿ. ಜಾಗ ಹೆಚ್ಚಾಗಿ ಕ್ಲಿಫ್‌ನಿಂದ ಉತ್ತರಕ್ಕೆ, ಓಡಯಂ, ಇಡವ ಕಡೆ. ಅಲ್ಲೂ ಒಂದು ಕಾಪ್ಪಿಲ್ ಬೀಚ್ ಉಂಟು, ನಮ್ಮ ಬೇಕಲದ ಹತ್ತಿರದ ಕಾಪ್ಪಿಲ್ ಅಲ್ಲ, ಮ್ಯಾಪ್ ಹಾಕುವಾಗ ನೋಡ್ಕೊಳ್ಳಿ ಇಲ್ಲದಿದ್ರೆ ಹೊರಟಲ್ಲಿಗೇ ವಾಪಸ್ ತೋರಿಸ್ತದೆ.

ಸಮಯ ಅಂದ್ರೆ ಅಕ್ಟೋಬರ್ ಕೊನೆಯಿಂದ ಮಾರ್ಚ್ ಒಳಗೆ. ಜೂನ್‌ನಿಂದ ಆಗಸ್ಟ್ ಹೊಸಬರಿಗೆ ಇಲ್ಲವೇ ಇಲ್ಲ, ಜೂನ್ ಜುಲೈಯಲ್ಲಂತೂ ಮೀನಿನ ದೊಡ್ಡ ಬೋಟಿನವರೇ ಟ್ರಾಲಿಂಗ್ ನಿಷೇಧದಲ್ಲಿ ದಡದಲ್ಲಿ ಕೂತಿರುವ ಕಾಲ. ಏಪ್ರಿಲ್ ಮೇಯಲ್ಲಿ ಹೋಗ್ಲೇಬೇಕು ಅಂತಾದ್ರೆ ಕಳ್ಳಕ್ಕಡಲ್ ಎಚ್ಚರಿಕೆ ಉಂಟಾ ಅಂತ ದಿನಾ ನೋಡಿ, ಇಲ್ಲಿ ಗಾಳಿ ಮಳೆ ಎಂತ ಇಲ್ಲದೆ, ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆ ಸಾವಿರಾರು ಕಿಲೋಮೀಟರ್ ಬಂದು ದಡಕ್ಕೆ ನುಗ್ಗುದು ಅದು, ಸಮುದ್ರದ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯ್ಸ್‌ನವರು ಮುಂಚಿತವಾಗಿ ಹೇಳ್ತಾರೆ, ಮಲಯಾಳ ಪೇಪರಿನಲ್ಲೂ ಬರ್ತದೆ.

ರೈಲು ಸುಲಭ, ಸಂಜೆ ಕಾಸರಗೋಡಿನಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಮಲಗಿದ್ರೆ ಬೆಳಿಗ್ಗೆ ವರ್ಕಲ ಶಿವಗಿರಿ ಸ್ಟೇಷನ್, ಅಲ್ಲಿಂದ ರಿಕ್ಷಾ. ಡಿಸೆಂಬರ್ ಕೊನೆಯ ವಾರಕ್ಕೆ ಮಾತ್ರ ಟಿಕೆಟ್ ಮಾಡ್ಬೇಡಿ, 30ರಿಂದ ಜನವರಿ 1ರವರೆಗೆ ಶಿವಗಿರಿ ತೀರ್ಥಾಟನೆ, ನಾರಾಯಣ ಗುರುಗಳ ಸಮಾಧಿಗೆ ಹಳದಿ ಬಟ್ಟೆ ಹಾಕಿದ ಜನ ಕೇರಳದ ಎಲ್ಲಾ ಕಡೆಯಿಂದ ಬರ್ತಾರೆ, ಅದ್ರ ಮೇಲೆ ಹೊಸ ವರ್ಷದ ಪಾರ್ಟಿಯವರು, ರೂಮಿಗೆ ಎರಡು ಪಟ್ಟು ಕೇಳ್ತಾರೆ, ನೀರಲ್ಲೂ ರಷ್. ಜನವರಿ ಎರಡನೇ ವಾರದಿಂದ ನೋಡಿ.