ಸೋಲೋದಲ್ಲಿ ಚೆನ್ನ, ಮಿಕ್ಸ್‌ನಲ್ಲಿ ಮಂಕು: ಈಕ್ಯೂ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಸರ್, ಮನೆಯಲ್ಲೇ ಲ್ಯಾಪ್‌ಟಾಪ್‌ನಲ್ಲಿ ಹಾಡು ಮಿಕ್ಸ್ ಮಾಡುತ್ತೇನೆ. ಒಂದೊಂದೇ ಟ್ರ್ಯಾಕ್ ಸೋಲೋ ಮಾಡಿ, ಅಂದರೆ ಅದೊಂದನ್ನೇ ಕೇಳುತ್ತಾ, ಈಕ್ಯೂ (ಬೇರೆ ಬೇರೆ ಫ್ರೀಕ್ವೆನ್ಸಿಗಳನ್ನು ಏರಿಸಿ ಇಳಿಸುವ ಈಕ್ವಲೈಸರ್) ಹಾಕಿದಾಗ ಸಖತ್ತಾಗಿ ಕೇಳಿಸುತ್ತದೆ. ಎಲ್ಲ ಒಟ್ಟಿಗೆ ಪ್ಲೇ ಮಾಡಿದರೆ ಹಾಡುವವರ ದನಿಯೇ ಮುಳುಗಿಹೋಗುತ್ತದೆ. ದುಬಾರಿ ಪ್ಲಗಿನ್ ಕೊಳ್ಳಬೇಕಾ?

ಉತ್ತರ: ಖಂಡಿತ ಬೇಡ. ಸಾಫ್ಟ್‌ವೇರ್ ಜೊತೆ ಬಂದಿರುವ ಈಕ್ಯೂ ಸಾಕು. ತೊಂದರೆ ಇರುವುದು ಸೋಲೋ ಬಟನ್‌ನಲ್ಲಿ. ಗಿಟಾರ್ ಒಂದನ್ನೇ ಕೇಳಿದಾಗ ಸ್ವಲ್ಪ ತುಂಬಿಕೊಂಡಿರಲಿ ಅನಿಸುತ್ತದೆ, 250 ಹರ್ಟ್ಸ್ ಸುತ್ತ ಏರಿಸುತ್ತೀರಿ, ಆಮೇಲೆ ಕೀಬೋರ್ಡ್‌ಗೂ ಅದೇ, ದನಿಗೂ ಅದೇ. ಮೂರೂ ಒಂದೇ ಜಾಗಕ್ಕೆ ನುಗ್ಗಿದವು, ಅಲ್ವಾ? ಹತ್ತಿರದ ಫ್ರೀಕ್ವೆನ್ಸಿಗಳಲ್ಲಿ ಜೋರಾದ ಸದ್ದು ಮೆಲ್ಲಗಿನದನ್ನು ಮುಚ್ಚಿಬಿಡುತ್ತದೆ. ಇದಕ್ಕೆ ಮಾಸ್ಕಿಂಗ್ ಅಂತಾರೆ. ಇದು ನಮ್ಮ ಕಿವಿಯ ಗುಣ.

ಮೊದಲು ಎಲ್ಲ ಟ್ರ್ಯಾಕ್ ಓಡಿಸಿಕೊಂಡು ಫೇಡರ್‌ಗಳನ್ನು, ಅಂದರೆ ಪ್ರತಿ ಟ್ರ್ಯಾಕ್‌ನ ಲೆವೆಲ್ ಏರಿಸಿ ಇಳಿಸುವ ಜಾರುಗುಂಡಿಗಳನ್ನು, ಸರಿಮಾಡಿ. ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ. ಆಗಲೂ ದನಿ ಮುಳುಗಿದ್ದರೆ ದನಿಯನ್ನು ಮುಟ್ಟಬೇಡಿ, ಅದನ್ನು ಮುಚ್ಚುತ್ತಿರುವ ಗಿಟಾರ್, ಕೀಬೋರ್ಡ್ ಹತ್ತಿರ ಹೋಗಿ. ಅಗಲವಾದ ಬೆಲ್ (ಈಕ್ಯೂನಲ್ಲಿ ಒಂದು ಫ್ರೀಕ್ವೆನ್ಸಿಯ ಸುತ್ತ ಗಂಟೆಯಾಕಾರದಲ್ಲಿ ಏರಿಸಿ ಇಳಿಸುವ ಗೆರೆ) ಇಟ್ಟು 250ರಿಂದ 400 ಹರ್ಟ್ಸ್ ನಡುವೆ 2–3 ಡಿಬಿ (ಡೆಸಿಬಲ್) ಇಳಿಸಿ ನೋಡಿ. ಪದಗಳು ಸ್ಪಷ್ಟವಾಗದಿದ್ದರೆ 2ರಿಂದ 4 ಕಿಲೋಹರ್ಟ್ಸ್ ನಡುವೆಯೂ ಸ್ವಲ್ಪ ಜಾಗ ಬಿಡಿಸಿ. ಈಗ ಗಿಟಾರ್ ಸೋಲೋ ಮಾಡಿದರೆ ತೆಳ್ಳಗೆ ಕೇಳಿಸಬಹುದು. ಕೇಳಿಸಲಿ ಬಿಡಿ, ಕೇಳುಗರಿಗೆ ಸೋಲೋ ಬಟನ್ ಇರುವುದಿಲ್ಲ.

ಕಿರಿದಾದ ಬೆಲ್ ಅನ್ನು 10 ಡಿಬಿ ಏರಿಸಿ ಆ ಕಡೆಯಿಂದ ಈ ಕಡೆಗೆ ಎಳೆದು ಕೆಟ್ಟ ಜಾಗ ಹುಡುಕುವುದನ್ನು ಎಲ್ಲರೂ ಹೇಳಿಕೊಡುತ್ತಾರೆ. ನನಗೆ ಈ ಅಭ್ಯಾಸ ಇಷ್ಟವಿಲ್ಲ. ಅಷ್ಟು ಏರಿಸಿದರೆ ಯಾವ ಜಾಗವೂ ಕೆಟ್ಟದಾಗೇ ಕೇಳಿಸುತ್ತದೆ, ನೀವು ಸುಮ್ನೆ ಕತ್ತರಿಸುತ್ತಾ ಹೋಗುತ್ತೀರಿ. ಏನು ಕಿರಿಕಿರಿ ಅಂತ ಮೊದಲು ಕಿವಿಯಲ್ಲಿ ಗೊತ್ತಾಗಲಿ, ಆಮೇಲೆ ಮೌಸ್.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. ಈಕ್ಯೂ ಆನ್-ಆಫ್ ಮಾಡಿ ಹೋಲಿಸುವಾಗ ಎರಡೂ ಕಡೆ ಲೆವೆಲ್ ಒಂದೇ ಇರಬೇಕು. ಬರೀ 1 ಡಿಬಿ ಜಾಸ್ತಿಯಾದರೂ ಕಿವಿ ಅದನ್ನೇ ಮೆಚ್ಚಿಕೊಳ್ಳುತ್ತದೆ. ಪ್ಲಗಿನ್‌ನ ಔಟ್‌ಪುಟ್ ಗೇನ್ ಇಳಿಸಿ ಸರಿದೂಗಿಸಿ, ಆಮೇಲೆ ತೀರ್ಮಾನಿಸಿ.

ಪ್ರಶ್ನೆ: ಈಕ್ಯೂನಲ್ಲಿ ಲೀನಿಯರ್ ಫೇಸ್ ಮೋಡ್ (ಫೇಸ್, ಅಂದರೆ ಸದ್ದಿನ ಅಲೆಗಳ ಏರಿಳಿತದ ಹೊಂದಾಣಿಕೆಯನ್ನು ಕೆಡಿಸದ ಮೋಡ್) ಇದ್ದರೆ ಯಾವಾಗಲೂ ಅದನ್ನೇ ಬಳಸುವುದು ಒಳ್ಳೆಯದಾ?

ಉತ್ತರ: ಇಲ್ಲ. ಮಾಮೂಲಿ ಈಕ್ಯೂ ಫೇಸ್ ಅನ್ನು ಸ್ವಲ್ಪ ಸರಿಸುತ್ತದೆ ನಿಜ, ಆದರೆ ಒಂಟಿ ಟ್ರ್ಯಾಕ್‌ನಲ್ಲಿ ಅದು ಕಿವಿಗೆ ಬೀಳುವುದೇ ಅಪರೂಪ. ಲೀನಿಯರ್ ಫೇಸ್‌ಗೆ ಬೇರೆ ಬೆಲೆ ಇದೆ: ಸದ್ದು ತಡವಾಗುತ್ತದೆ, ಜೊತೆಗೆ ಪ್ರೀ-ರಿಂಗಿಂಗ್ ಬರುತ್ತದೆ, ಅಂದರೆ ಕಿಕ್ ಡ್ರಮ್‌ನ ಪೆಟ್ಟು ಬೀಳುವ ಮೊದಲೇ ಅದರ ಮಸುಕು ದನಿ ಶುರುವಾಗಿ ಪೆಟ್ಟಿನ ಮೊನಚು ಹೋಗುತ್ತದೆ. ಒಂದೇ ವಾದ್ಯಕ್ಕೆ ಎರಡು ಮೈಕ್ ಇಟ್ಟು ಒಂದಕ್ಕೆ ಮಾತ್ರ ಈಕ್ಯೂ ಹಾಕುವಾಗ ಲೀನಿಯರ್ ಫೇಸ್ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನನ್ನ ಮಿಕ್ಸ್‌ನಲ್ಲಿ ಬಾಸ್ ಚೆನ್ನಾಗಿದೆ, ಫೋನಿನಲ್ಲಿ ಮಾಯ. 50 ಹರ್ಟ್ಸ್ ಎಷ್ಟು ಏರಿಸಿದರೂ ಬರುತ್ತಿಲ್ಲ.

ಉತ್ತರ: ಬರುವುದೂ ಇಲ್ಲ. ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗಿನ ಸದ್ದು ಹೊರಡಿಸುವ ಶಕ್ತಿಯೇ ಇಲ್ಲ, ನೀವು ಏರಿಸಿದ್ದೆಲ್ಲ ಹೆಡ್‌ರೂಮ್ (ಸದ್ದು ಒಡೆಯುವ ಮೊದಲು ಉಳಿದಿರುವ ಜಾಗ) ತಿನ್ನುತ್ತದೆ ಅಷ್ಟೇ. ಆ ಏರಿಕೆ ತೆಗೆದುಹಾಕಿ. ಬಾಸ್‌ಗೆ ಸ್ವಲ್ಪ ಸ್ಯಾಚುರೇಷನ್ (ಸದ್ದನ್ನು ಹಿತವಾಗಿ ಒರಟು ಮಾಡುವ ಎಫೆಕ್ಟ್) ಕೊಡಿ, ಅದರಿಂದ ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಎರಡು, ಮೂರು ಪಟ್ಟು ಫ್ರೀಕ್ವೆನ್ಸಿಯ ಸ್ವರಗಳು) ಹುಟ್ಟುತ್ತವೆ, ಮೂಲ ಸ್ವರ ಕೇಳಿಸದಿದ್ದರೂ ಮಿದುಳು ಅವುಗಳಿಂದಲೇ ಬಾಸ್ ಸ್ವರವನ್ನು ಗುರುತಿಸಿಕೊಳ್ಳುತ್ತದೆ. ಆಮೇಲೆ ಬೇಕಿದ್ದರೆ 700 ಹರ್ಟ್ಸ್ ಸುತ್ತ ಒಂದೆರಡು ಡಿಬಿ ಏರಿಸಿ, ಫೋನಿನಲ್ಲೇ ಕೇಳಿ ನೋಡಿ.