ಓದುಗರ ಪ್ರಶ್ನೆ: “ಇದು ಅವನ ದನಿಯಲ್ಲ”

ಪ್ರಶ್ನೆ: ನನ್ನ ತಂದೆಗೆ ಈಗ 67 ವರ್ಷ. ಕಾಲೇಜಿನ ದಿನಗಳಲ್ಲಿ ಲೆಡ್ ಜೆಪ್ಲಿನ್ ಎಂಬ ಇಂಗ್ಲೆಂಡಿನ ರಾಕ್ ತಂಡದ ಹಾಡುಗಳನ್ನು ಗೆಳೆಯರ ರೆಕಾರ್ಡುಗಳಿಂದ ಕ್ಯಾಸೆಟ್ಟಿಗೆ ತುಂಬಿಸಿಕೊಂಡು, ಟೇಪು ಸವೆಯುವಷ್ಟು ಕೇಳಿದವರು. ಆ ತಂಡ 2007ರಲ್ಲಿ ಲಂಡನ್ನಿನಲ್ಲಿ ನಡೆಸಿದ ಕಾರ್ಯಕ್ರಮದ ಡಿಸ್ಕನ್ನು ಅವರ ಹುಟ್ಟುಹಬ್ಬಕ್ಕೆ ಕೊಟ್ಟೆ. ಭಾನುವಾರ ಊಟ ಮುಗಿಸಿ ಇಬ್ಬರೂ ನೋಡಲು ಕುಳಿತೆವು. ಮೂರನೆಯ ಹಾಡು ಮುಗಿಯುವಷ್ಟರಲ್ಲಿ ಅಪ್ಪ “ಇದು ಅವನ ದನಿಯಲ್ಲ ಕಣಮ್ಮ” ಎಂದು ಎದ್ದು ಹೋದರು. ವಯಸ್ಸಾದ ಮೇಲಿನ ಇಂಥ ಮುದ್ರಿಕೆಗಳನ್ನು ನೋಡುವುದರಲ್ಲಿ ಅರ್ಥವಿದೆಯೇ? ನೋಡುವುದಾದರೆ ಹೇಗೆ?
— ಓದುಗಿಯೊಬ್ಬರು, ಬಸವನಗುಡಿ

ಉತ್ತರ: ನಿಮ್ಮ ತಂದೆಯವರ ಕಿವಿ ತಪ್ಪು ಹೇಳಿಲ್ಲ. ಅವರ ಮನಸ್ಸಿನಲ್ಲಿ ಉಳಿದಿರುವುದು ಇಪ್ಪತ್ತು ದಾಟಿದ ಯುವಕನ ದನಿ. 2007ರ ಡಿಸೆಂಬರ್ 10ರಂದು ಲಂಡನ್ನಿನ ಓಟೂ ಅರೀನಾದಲ್ಲಿ ಹಾಡಿದ ರಾಬರ್ಟ್ ಪ್ಲಾಂಟ್‌ಗೆ 59 ವರ್ಷ, ಗಿಟಾರ್ ಹಿಡಿದ ಜಿಮ್ಮಿ ಪೇಜ್‌ಗೆ 63. ಪೇಜ್ ಅವರ ಬೆರಳಿನ ಮೂಳೆ ಮುರಿದದ್ದರಿಂದಲೇ ನವೆಂಬರಿನಲ್ಲಿ ನಡೆಯಬೇಕಿದ್ದ ಆ ಕಾರ್ಯಕ್ರಮ ಎರಡು ವಾರ ಮುಂದಕ್ಕೆ ಹೋಗಿತ್ತು. ಹಲವು ಹಾಡುಗಳನ್ನು ತಂಡದವರು ಮೂಲಕ್ಕಿಂತ ಕೆಳಗಿನ ಶ್ರುತಿಯಲ್ಲಿ ನುಡಿಸಿದ್ದಾರೆ. ನಿಮ್ಮ ತಂದೆಯವರಿಗೆ ಏನೋ ಬೇರೆಯಾಗಿದೆ ಎನ್ನಿಸಲು ಅಷ್ಟು ಸಾಕು.

ಆದರೆ ಶ್ರುತಿ ಇಳಿಸುವುದನ್ನು ನಮ್ಮ ಊರಿನ ಕೇಳುಗರು ಯಾವತ್ತೂ ಸೋಲೆಂದು ಎಣಿಸಿದವರಲ್ಲ. ಚಾಮರಾಜಪೇಟೆಯ ರಾಮೋತ್ಸವದ ಚಪ್ಪರದಲ್ಲಿ ಎಪ್ಪತ್ತು ದಾಟಿದ ವಿದ್ವಾಂಸರು ಅರ್ಧ ಮನೆ ಕೆಳಗೆ ತಂಬೂರಿ ಕೂಡಿಸಿಕೊಂಡು ಹಾಡಿದಾಗ, ತಾರಸ್ಥಾಯಿಯಲ್ಲಿ ಎಷ್ಟು ಹೊತ್ತು ನಿಂತರೆಂದು ನಾವು ಗಡಿಯಾರ ನೋಡುವುದಿಲ್ಲ. ಯಾವ ಸ್ವರವನ್ನು ಬಿಟ್ಟರು, ಯಾವುದನ್ನು ಹಿಡಿದು ನಿಲ್ಲಿಸಿದರು ಎಂಬುದನ್ನು ಕೇಳುತ್ತೇವೆ. ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಚಿಕಿತ್ಸೆಯ ನಂತರ ದಪ್ಪವಾಯಿತು, ಆ ದಪ್ಪ ದನಿಯನ್ನೇ ಕನ್ನಡ ನಾಡು ಅವರ ನಿಜವಾದ ದನಿಯೆಂದು ಒಪ್ಪಿಕೊಂಡಿತು. ರಾಕ್ ಸಂಗೀತಕ್ಕೆ ಮಾತ್ರ ನಾವು ಈ ಔದಾರ್ಯ ತೋರುವುದಿಲ್ಲ, ಏಕೆಂದರೆ ಅದನ್ನು ಯೌವನದ ಸಂಗೀತವೆಂದೇ ನಮಗೆ ಮಾರಲಾಗಿದೆ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಅದರ ಹಾಡುಗಾರ ಮಿಕ್ ಜಾಗರ್‌ಗೂ 59 ವರ್ಷವೇ ಆಗಿತ್ತು.

ಇನ್ನೊಂದು ವಿಷಯವನ್ನು ನಿಮ್ಮ ತಂದೆಯವರಿಗೆ ದಯವಿಟ್ಟು ತಿಳಿಸಿ. ಇದೇ ತಂಡದ ಯೌವನದ ಚಲನಚಿತ್ರವನ್ನು 1973ರ ಜುಲೈನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೂರು ರಾತ್ರಿ ಚಿತ್ರೀಕರಿಸಿ, ಒಂದೇ ಕಾರ್ಯಕ್ರಮವೆಂಬಂತೆ ಜೋಡಿಸಲಾಯಿತು. ಕೆಲವು ದೃಶ್ಯಗಳು ಸಿಕ್ಕಿರಲಿಲ್ಲವಾದ್ದರಿಂದ 1974ರಲ್ಲಿ ಇಂಗ್ಲೆಂಡಿನ ಷೆಪರ್ಟನ್ ಸ್ಟುಡಿಯೋದಲ್ಲಿ ಅದೇ ವೇದಿಕೆಯನ್ನು ಮತ್ತೆ ಕಟ್ಟಿ ತುಂಬಿಸಿದರು. ಅಷ್ಟರಲ್ಲಿ ಕೂದಲು ಕತ್ತರಿಸಿಕೊಂಡಿದ್ದ ಬೇಸ್ ಗಿಟಾರ್ ವಾದಕ ಜಾನ್ ಪಾಲ್ ಜೋನ್ಸ್ ವಿಗ್ ಹಾಕಿಕೊಳ್ಳಬೇಕಾಯಿತು. 2007ರದು ಹಾಗಲ್ಲ. ಧ್ವನಿಮಿಶ್ರಣ, ಸಂಕಲನ ಎಲ್ಲವೂ ಮುಗಿದು ಅದು ಹೊರಬಂದದ್ದು 2012ರಲ್ಲಿ, ನಿಜ; ಆದರೆ ಕಾರ್ಯಕ್ರಮ ನಡೆದದ್ದು ಒಂದೇ ರಾತ್ರಿ. ಒಂದು ಹಾಡು ಕೆಟ್ಟರೆ ಎರವಲು ತರಲು ಇನ್ನೊಂದು ರಾತ್ರಿಯೇ ಇರಲಿಲ್ಲ. ಹಾಗಾಗಿ ಅಲ್ಲಿ ಕಾಣುವ ಎಚ್ಚರಿಕೆ, ಆತಂಕ, ಮೂರ್ನಾಲ್ಕು ಹಾಡುಗಳ ನಂತರ ಮೈ ಸಡಿಲವಾಗುವ ಬಗೆ ಎಲ್ಲವೂ ನನಗೆ ಬಹಳ ಬೆಲೆಯುಳ್ಳವು. ನಿಮ್ಮ ತಂದೆಯವರು ಎದ್ದು ಹೋದದ್ದು ಸರಿಯಾಗಿ ಅದಕ್ಕೆ ಸ್ವಲ್ಪ ಮೊದಲು.

ಮುಂದಿನ ಭಾನುವಾರ ಮೊದಲಿನಿಂದ ಹಾಕಬೇಡಿ. ಐದನೆಯ ಹಾಡಿನಿಂದ ಹಾಕಿ. ‘ಫಾರ್ ಯುವರ್ ಲೈಫ್’ ಎಂಬ ಆ ಹಾಡು 1976ರ ಧ್ವನಿಮುದ್ರಿಕೆಯದು, ಆದರೆ 2007ರ ಆ ರಾತ್ರಿಯವರೆಗೆ ತಂಡ ಅದನ್ನು ವೇದಿಕೆಯ ಮೇಲೆ ಒಮ್ಮೆಯೂ ಪೂರ್ತಿಯಾಗಿ ನುಡಿಸಿರಲಿಲ್ಲ. ವೇದಿಕೆಯಲ್ಲಿ ಅದಕ್ಕೆ ಯೌವನದ ರೂಪವೇ ಇಲ್ಲವಾದ್ದರಿಂದ ಹೋಲಿಸಿ ನೋಯುವ ಪ್ರಸಂಗವೂ ಇಲ್ಲ. ಅದು ಮುಗಿದ ಮೇಲೆ, ನಿಧಾನವಾಗಿ, ಹದಿನಾಲ್ಕನೆಯದಾದ ‘ಕಾಶ್ಮೀರ್’ಗೆ ಬನ್ನಿ. ಅಲ್ಲಿ ಡ್ರಮ್ಮು ನಾಲ್ಕರ ನಡೆಯಲ್ಲಿ ಸಾಗುತ್ತಿದ್ದರೆ ಗಿಟಾರಿನ ಪಲುಕು ಮೂರರ ಎಣಿಕೆಯಲ್ಲಿ ಹೋಗಿ, ಹನ್ನೆರಡಕ್ಕೊಮ್ಮೆ ಎರಡೂ ಕೂಡುತ್ತವೆ. ನೀವಿಬ್ಬರೂ ಕೈಯಲ್ಲಿ ತಾಳ ಹಾಕಿ ಎಣಿಸಿ ನೋಡಬಹುದು.

ಆ ಡ್ರಮ್ಮಿನ ಹಿಂದೆ ಕುಳಿತವರನ್ನು ಮರೆಯದೆ ನೋಡಿ. ತಂಡದ ಮೂಲ ಡ್ರಮ್ ವಾದಕ ಜಾನ್ ಬಾನ್‌ಹ್ಯಾಮ್ 1980ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು, ಅದೇ ವರ್ಷ ತಂಡ ನಿಂತುಹೋಯಿತು. ಆಗ 14 ವರ್ಷದ ಹುಡುಗನಾಗಿದ್ದ ಅವರ ಮಗ ಜೇಸನ್, 2007ರಲ್ಲಿ ತಂದೆಯ ಜಾಗದಲ್ಲಿ ಕುಳಿತಿದ್ದಾರೆ. ಅಷ್ಟು ವಿಶಾಲವಾದ ವೇದಿಕೆ ಇದ್ದರೂ ಮೂವರು ಹಿರಿಯರು ಮತ್ತೆ ಮತ್ತೆ ಆ ಡ್ರಮ್ಮಿನ ಬಳಿಗೇ ಬಂದು ಒತ್ತಾಗಿ ನಿಲ್ಲುತ್ತಾರೆ, ಅವರ ಕಣ್ಣು ಜೇಸನ್ ಕೈಯ ಮೇಲಿರುತ್ತದೆ. ನಮ್ಮ ಕಚೇರಿಗಳಲ್ಲಿ ಮೃದಂಗದವರ ಕಡೆ ತಿರುಗಿ ಹಾಡುಗಾರರು ತಲೆದೂಗುವಂಥದ್ದೇ ನೋಟ ಅದು. ಧ್ವನಿಮುದ್ರಿಕೆಯನ್ನು ಕೇವಲ ಕೇಳುತ್ತಿದ್ದರೆ ಇದು ಸಿಗುವುದಿಲ್ಲ. ಚಿತ್ರಿಕೆಯನ್ನು ನೋಡುವುದಕ್ಕೆ ಇರುವ ದೊಡ್ಡ ಕಾರಣ ನನ್ನ ಮಟ್ಟಿಗೆ ಇದೇ.

ಪ್ರಶ್ನೆ: ದೊಡ್ಡ ಟೀವಿಯಲ್ಲಿ ಹಳೆಯ ರಾಕ್ ತಂಡಗಳ ಕಾರ್ಯಕ್ರಮ ಹಾಕಿದರೆ ಚಿತ್ರ ಧಾರಾವಾಹಿಯಂತೆ ನುಣ್ಣಗೆ ಕಾಣುತ್ತದೆ. ಡ್ರಮ್ಮಿಗೆ ಕೋಲು ಬಿದ್ದ ಮೇಲೆ ಸದ್ದು ಬರುತ್ತದೆ. ಡಿಸ್ಕಿನ ದೋಷವೇ?
— ಓದುಗರೊಬ್ಬರು, ಜಯನಗರ

ಉತ್ತರ: ಬಹುಮಟ್ಟಿಗೆ ಅಲ್ಲ. ಸಿನಿಮಾದಂತೆ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ತಯಾರಾದ ಚಿತ್ರಿಕೆಯ ನಡುವೆ ಟೀವಿ ತಾನೇ ಹೊಸ ಚೌಕಟ್ಟುಗಳನ್ನು ಊಹಿಸಿ ಸೇರಿಸುವುದರಿಂದ ಆ ನುಣುಪು ಬರುತ್ತದೆ. ಟೀವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ‘ಮೋಷನ್’ ಎಂಬ ಪದವಿರುವ ಆಯ್ಕೆಯನ್ನು ಆಫ್ ಮಾಡಿ. ಸದ್ದು ಹಿಂದೆ ಬೀಳುತ್ತಿದ್ದರೆ ನೀವು ಬ್ಲೂಟೂತ್ ಸ್ಪೀಕರ್ ಬಳಸುತ್ತಿರಬೇಕು. ಅದರಲ್ಲಿ ಸ್ವಲ್ಪ ತಡವಾಗುವುದು ಸಹಜ, ಮಾತಿನ ಕಾರ್ಯಕ್ರಮದಲ್ಲಿ ತಿಳಿಯದಿದ್ದರೂ ಡ್ರಮ್ಮಿನಲ್ಲಿ ತಕ್ಷಣ ತಿಳಿಯುತ್ತದೆ. ತಂತಿಯ ಮೂಲಕ ಜೋಡಿಸಿದರೆ ಸರಿಹೋಗುತ್ತದೆ. ನಿಮ್ಮಲ್ಲಿ ಎರಡೇ ಸ್ಪೀಕರ್‌ಗಳಿದ್ದರೆ ಡಿಸ್ಕಿನ ಮೆನುವಿನಲ್ಲಿ ಸರೌಂಡ್ ಬದಲು ಸ್ಟೀರಿಯೋ ಆರಿಸಿ. ಸೌಂಡ್‌ಬಾರ್ ಇದ್ದರೆ ಮಾತನ್ನು ಎತ್ತಿ ಕೊಡುವ ‘ವಾಯ್ಸ್’ ಆಯ್ಕೆಯನ್ನು ತೆಗೆದುಬಿಡಿ, ಅದು ಬೇಸ್ ಗಿಟಾರನ್ನು ಹಿಂದಕ್ಕೆ ತಳ್ಳುತ್ತದೆ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ನೋಡುವವರು ತಂತಿಯಿರುವ ಹೆಡ್‌ಫೋನ್ ಹಾಕಿಕೊಳ್ಳುವುದು ಒಳ್ಳೆಯದು.