ಒಬ್ಬರೇ ಸಾಫ್ಟ್‌ವೇರ್ ಮಾಡುವಾಗ ವಾಟರ್‌ಫಾಲ್ ಒಳ್ಳೆಯದೋ, ಸ್ಕ್ರಮ್ ಒಳ್ಳೆಯದೋ?

ಟ್ಯೂಷನ್ ಸೆಂಟರಿನ ಫೀಸು ಲೆಕ್ಕಕ್ಕೆ ಒಬ್ಬರೇ ಸಾಫ್ಟ್‌ವೇರ್ ಮಾಡ್ತಿದ್ದೀರಿ, ವಾಟರ್‌ಫಾಲೋ (ಮೊದಲೇ ಎಲ್ಲ ಬರೆದಿಟ್ಟು ಹಂತ ಹಂತವಾಗಿ ಮುಗಿಸುವ ರೀತಿ) ಸ್ಕ್ರಮ್ಮೋ (ಕೆಲವೇ ವಾರಗಳ ತುಂಡುಗಳಲ್ಲಿ ಮಾಡುತ್ತಾ ಹೋಗುವ ರೀತಿ) ತೀರ್ಮಾನ ಆಗದೆ ಇನ್ನೂ ಕೋಡ್ ಶುರು ಮಾಡಿಲ್ಲ, ಅಲ್ವಾ? ನಾನೂ ಹೀಗೇ ಕೂತಿದ್ದೆ. ನನ್ನದು ಶಿವಮೊಗ್ಗ ಕಡೆಯ ಒಂದು ಅಡಿಕೆ ಮಂಡಿಯ ಕೆಲಸ. ರೈತರು ಚೀಲ ತಂದು ಹಾಕುತ್ತಾರೆ, ರಾಶಿ, ಬೆಟ್ಟೆ, ಗೊರಬಲು ಅಂತ ಬೇರೆ ಬೇರೆ ಲಾಟ್ ಆಗುತ್ತದೆ, ದರ ಬಿದ್ದ ಮೇಲೆ ತೂಕ, ಹಮಾಲಿ, ಮೊದಲೇ ತಗೊಂಡ ಮುಂಗಡ ಎಲ್ಲ ನೋಡಿ ಪಟ್ಟಿ, ಅಂದರೆ ಲೆಕ್ಕದ ಚೀಟಿ, ಬರೆದು ಕೊಡಬೇಕು. ಇದನ್ನು ಕಂಪ್ಯೂಟರಿಗೆ ತರಬೇಕಿತ್ತು.

ಕಂಪನಿಯಲ್ಲಿ ಕಲಿತಿದ್ದನ್ನೆಲ್ಲ ತಂದು ಸುರಿದೆ. ಬೇಕುಬೇಡಗಳ ದೊಡ್ಡ ಡಾಕ್ಯುಮೆಂಟ್ ಬರೆದೆ. ಸಾಫ್ಟ್‌ವೇರ್‌ನ ನಕ್ಷೆಯಂಥ ಯುಎಂಎಲ್ ಚಿತ್ರ ಬಿಡಿಸಿದೆ. ಆಮೇಲೆ ಸ್ಕ್ರಮ್‌ನ ಸ್ಪ್ರಿಂಟ್ ಬೋರ್ಡ್ ಹಾಕಿಕೊಂಡು, ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡ್ ಬರೆದು, ಎರಡು ವಾರಕ್ಕೊಮ್ಮೆ ಸರಿಸಿದೆ. ಎಲ್ಲ ಶಿಸ್ತಾಗಿಯೇ ನಡೆಯಿತು.

ಕೈ ಕೊಟ್ಟಿದ್ದು ಒಂದೇ ಒಂದು ಕಾಲಮ್. ರೈತರ ಟೇಬಲ್‌ನಲ್ಲಿ 'ಬಾಕಿ' ಅಂತ ಇಟ್ಟಿದ್ದೆ. ಪಟ್ಟಿ ಆದರೆ ಅದು ಏರುತ್ತದೆ, ಮುಂಗಡ ಕೊಟ್ಟರೆ ಇಳಿಯುತ್ತದೆ. ನೋಡಲು ಎಷ್ಟು ಸರಳ! ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಫೀಸಿನ ಲೆಕ್ಕದಲ್ಲಿ ನೀವೂ ಇದನ್ನೇ ಮಾಡುವ ಸಾಧ್ಯತೆ ಜಾಸ್ತಿ.

ಒಬ್ಬ ರೈತರ ಚೀಲದ ತೂಕ 64.2 ಕೆಜಿ ಇತ್ತು, ಟೈಪ್ ಮಾಡುವಾಗ 62.4 ಆಯಿತು ಅಂದುಕೊಳ್ಳಿ. ಕ್ವಿಂಟಲ್‌ಗೆ 48,000 ರೂಪಾಯಿ ದರ ಇದ್ದರೆ 1.8 ಕೆಜಿಗೆ 864 ರೂಪಾಯಿ ಕಮ್ಮಿ ಬಂತು. ಅವರು ದುಡ್ಡು ತಗೊಂಡು ಊರಿಗೆ ಹೋದ ಮೇಲೆ ಇದು ಗೊತ್ತಾಯಿತು. ಮಂಡಿಯ ಗುಮಾಸ್ತರು ಕಿರ್ದಿ ಬರೆಯುತ್ತಿದ್ದಾಗ ಏನು ಮಾಡುತ್ತಿದ್ದರು? ಹಳೆ ಸಾಲನ್ನು ಮುಟ್ಟುತ್ತಲೇ ಇರಲಿಲ್ಲ. ಇವತ್ತಿನ ತಾರೀಕು ಹಾಕಿ, ಇಂಥ ನಂಬರಿನ ಪಟ್ಟಿಯ ತೂಕದ ವ್ಯತ್ಯಾಸ ಅಂತ ಬರೆದು, 864 ಜಮಾ ಮಾಡುತ್ತಿದ್ದರು. ನನ್ನ ಸಾಫ್ಟ್‌ವೇರ್‌ನಲ್ಲಿ ಹಳೆ ಪಟ್ಟಿಯನ್ನೇ ತೆರೆದು ತೂಕ ತಿದ್ದಿ ಸೇವ್ ಮಾಡಬಹುದಿತ್ತು. ಬಾಕಿ ತಾನಾಗಿ ಬದಲಾಗುತ್ತಿತ್ತು. ರೈತರ ಕೈಯಲ್ಲಿರುವ ಪಟ್ಟಿಯಲ್ಲಿ ಒಂದು ಮೊತ್ತ, ಸ್ಕ್ರೀನಿನಲ್ಲಿ ಇನ್ನೊಂದು. ಯಾವಾಗ ಬದಲಾಯಿತು, ಯಾಕೆ ಬದಲಾಯಿತು, ಎಲ್ಲೂ ಇಲ್ಲ. ಸೀಸನ್ ಪೂರ್ತಿ ಇಂಥ ತಿದ್ದುಪಡಿ ಸೇರುತ್ತಾ ಹೋದವು. ಮಾರ್ಚ್ 31ಕ್ಕೆ ಯಾವ ರೈತರಿಗೆ ಎಷ್ಟು ಕೊಡಬೇಕಿತ್ತು ಅಂತ ಆಡಿಟರ್ ಕೇಳಿದರು. ನನ್ನ ಹತ್ತಿರ ಇದ್ದದ್ದು ಇವತ್ತಿನ ಬಾಕಿ ಮಾತ್ರ.

ಆಮೇಲೆ ಬೇರೆ ಟೇಬಲ್ ಮಾಡಿದೆ. ತಾರೀಕು, ರೈತರು, ಜಮಾ ಅಥವಾ ಖರ್ಚು, ಮೊತ್ತ, ಕಾರಣ. ಹೊಸ ಸಾಲು ಸೇರಿಸಬಹುದು, ಹಳೆಯದನ್ನು ತಿದ್ದುವಂತಿಲ್ಲ, ಅಳಿಸುವಂತಿಲ್ಲ. ಬಾಕಿ ಬೇಕೆಂದಾಗ ಕೂಡಿ ಕಳೆದರೆ ಸಿಗುತ್ತದೆ. ಈ ಕೋಡ್ ಬರೆಯುವುದು ಕಷ್ಟವಾಗಲಿಲ್ಲ. ಹಳೆ ಲೆಕ್ಕವನ್ನು ಇದಕ್ಕೆ ತರುವುದು ನನ್ನನ್ನು ಹಿಂಡಿಬಿಟ್ಟಿತು, ಪ್ರಿಂಟ್ ಮಾಡಿದ ಪಟ್ಟಿಗಳ ಕಟ್ಟು ಬಿಚ್ಚಿ ಒಂದೊಂದಾಗಿ ಹೋಲಿಸಬೇಕಾಯಿತು, ಅದಕ್ಕೆ ಯಾರೂ ದುಡ್ಡು ಕೊಡಲಿಲ್ಲ, ತಗೊಳ್ತೀನಿ ಅಂದಿದ್ದ ಇನ್ನೊಂದು ಮಂಡಿಯವರೂ ಹಿಂದೆ ಸರಿದರು.

ಈಗ ನಿಮ್ಮ ಪ್ರಶ್ನೆ. ವಾಟರ್‌ಫಾಲ್ ಆಗಿದ್ದರೆ ಇದು ಸಿಕ್ಕಿಬೀಳುತ್ತಿತ್ತಾ? ಇಲ್ಲ. ರೈತರ ಬಾಕಿ ತೋರಿಸಬೇಕು ಅಂತ ಡಾಕ್ಯುಮೆಂಟ್‌ನಲ್ಲಿ ಇತ್ತು, ತೋರಿಸುತ್ತಿತ್ತು. ಸ್ಕ್ರಮ್‌ನಲ್ಲಿ? ಆ ಕಾರ್ಡ್ 'ಮುಗಿದಿದೆ' ಕಾಲಮ್‌ಗೆ ಹೋಗಿಯಾಗಿತ್ತು. ಹಾಗಾಗಿ ಯಾವ ಪ್ರಕ್ರಿಯೆ ಅನ್ನುವ ಪ್ರಶ್ನೆಯೇ ನಿಮಗೆ ಸಂಬಂಧಪಟ್ಟಿದ್ದಲ್ಲ ಅನ್ನುತ್ತೇನೆ. ವಾಟರ್‌ಫಾಲ್‌ನ ಮೂಲ ಅಂತ ಎಲ್ಲರೂ ತೋರಿಸುವುದು ಸಾಫ್ಟ್‌ವೇರ್ ಎಂಜಿನಿಯರ್ ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಲೇಖನವನ್ನು. ಅದು ದೊಡ್ಡ ದೊಡ್ಡ ವ್ಯವಸ್ಥೆಗಳ ಬಗ್ಗೆ ಇರುವುದು, ಮೆಟ್ಟಿಲು ಮೆಟ್ಟಿಲಾಗಿ ಒಂದೇ ಸಲ ಇಳಿದು ಮುಗಿಸುವುದು ಅಪಾಯ ಅಂತ ಅವರೇ ಅದರಲ್ಲಿ ಹೇಳಿದ್ದಾರೆ, ಮೊದಲು ಒಂದು ಸಣ್ಣ ಮಾದರಿ ಮಾಡಿ ನೋಡಿ ಅನ್ನುತ್ತಾರೆ. ಸ್ಕ್ರಮ್‌ನ ದಿನದ 15 ನಿಮಿಷದ ಮೀಟಿಂಗ್ ಇರುವುದು ಟೀಮಿನವರು ಒಬ್ಬರಿಗೊಬ್ಬರು ತಿಳಿದುಕೊಳ್ಳಲಿ ಅಂತ. ಒಬ್ಬರೇ ಇದ್ದಾಗ ಯಾರಿಗೆ ಹೇಳುತ್ತೀರಿ?

ನಿಮಗೆ ಬೇಕಾದದ್ದು ಬೇರೆ. ಆಮೇಲೆ ಬದಲಾಯಿಸಲು ಕಷ್ಟವಾಗುವುದು ಯಾವುದು ಅಂತ ಬೇರೆ ಮಾಡಿಕೊಳ್ಳಿ. ಬಟನ್, ಬಣ್ಣ, ಸ್ಕ್ರೀನು ಯಾವತ್ತು ಬೇಕಾದರೂ ಬದಲಾಗುತ್ತವೆ, ಅವಕ್ಕೆ ಸುಮ್ನೆ ಕೋಡ್ ಬರೆಯಿರಿ. ಡೇಟಾದ ಆಕಾರ, ರಸೀದಿ ನಂಬರು, ದುಡ್ಡಿನ ದಾಖಲೆ, ಇವಕ್ಕೆ ಕಾಗದ ಪೆನ್ನು ಹಿಡಿದು ಕೂರಿ. (ದುಡ್ಡನ್ನು ಪೈಸೆಯಲ್ಲಿ ಪೂರ್ಣ ಸಂಖ್ಯೆಯಾಗಿ ಇಡಿ. ದಶಮಾಂಶ ಸಂಖ್ಯೆಗೆ ಬಳಸುವ ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ.) ಇಂಥ ಒಂದೊಂದು ತೀರ್ಮಾನಕ್ಕೂ ಯಾಕೆ ಹೀಗೆ ಮಾಡಿದೆ ಅಂತ ನಾಲ್ಕು ಸಾಲು ಬರೆದು ಕೋಡ್ ಜೊತೆಗೇ, ಬದಲಾವಣೆಗಳ ಚರಿತ್ರೆ ಉಳಿಸಿಡುವ ಗಿಟ್‌ನಲ್ಲಿ ಇಡಿ. ಸಾಫ್ಟ್‌ವೇರ್ ಲೇಖಕ ಮೈಕಲ್ ನೈಗಾರ್ಡ್ 2011ರಲ್ಲಿ ಈ ರೂಢಿಯ ಬಗ್ಗೆ ಬರೆದಿದ್ದರು, ನಾನು ಇವತ್ತಿಗೂ ಬಿಡದೆ ಪಾಲಿಸುವುದು ಇದೊಂದನ್ನೇ.

ನಾಳೆಯೇ ಆ ಟ್ಯೂಷನ್ ಸೆಂಟರಿಗೆ ಹೋಗಿ ಹಳೆ ರಸೀದಿ ಪುಸ್ತಕ ಕೇಳಿ. ಫೀಸು ತಗೊಳ್ಳುವವರ ಪಕ್ಕ ಅರ್ಧ ದಿನ ಕೂತುಕೊಳ್ಳಿ. ಏನು ಬೇಕು ಅಂತ ಕೇಳಬೇಡಿ, ತಪ್ಪಾದಾಗ ಏನು ಮಾಡ್ತೀರಿ ಅಂತ ಕೇಳಿ. ಗೀಟು ಎಳೆದು ರದ್ದು ಮಾಡಿದ ರಸೀದಿ, ಮಧ್ಯದಲ್ಲಿ ಬಿಟ್ಟು ಹೋದ ಮಗು, ಅಣ್ಣ ತಂಗಿ ಇಬ್ಬರೂ ಬಂದರೆ ಕೊಡುವ ರಿಯಾಯಿತಿ, ಬೌನ್ಸ್ ಆದ ಚೆಕ್ಕು, ಇವನ್ನೆಲ್ಲ ನಿಮ್ಮ ಟೇಬಲ್‌ಗಳಲ್ಲಿ ಕಾಗದದ ಮೇಲೆ ತುಂಬಿ ನೋಡಿ. ಹಳೆ ಸಾಲು ಯಾವುದನ್ನೂ ತಿದ್ದದೆ ಎಲ್ಲ ಕೂತರೆ ಅವತ್ತು ಸಂಜೆಯೇ ಕೋಡ್ ಶುರು ಮಾಡಿ. ಮೊದಲು ರಸೀದಿ ಪ್ರಿಂಟ್ ಆಗುವುದೊಂದನ್ನೇ ಮಾಡಿ ಅವರ ಕೈಗೆ ಕೊಡಿ, ಕೆಲವು ದಿನ ಹಳೆ ಪುಸ್ತಕವನ್ನೂ ಜೊತೆಗೆ ಬರೆಯಲಿ, ಎರಡರ ಮೊತ್ತ ದಿನಾ ಸಂಜೆ ನೀವೇ ತಾಳೆ ನೋಡಿ.